ಎಣ್ಣೆ ಹಚ್ಚುವ ಹೊತ್ತಿನ ಕುರಿತು ಅರಿಕೆ

ಕುಂದಾಪುರ, ಫೆಬ್ರವರಿ ಮೂವತ್ತು, ೨೧೬೩

ನೂರಮೂವತ್ತೇಳು ವರ್ಷಗಳ ಹಿಂದಿನ ಮಾನ್ಯರೇ,

ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿರುವುದರಿಂದ ಮೇಲಿನ ತಾರೀಕು ನನ್ನ ಕೈಯ ತಪ್ಪಲ್ಲ. ಕೆಲವು ಮಾತುಗಳು ತಮಗೆ ವಿಚಿತ್ರವೆನಿಸಿದಲ್ಲಿ ಮನ್ನಿಸಬೇಕಾಗಿ ಸವಿನಯ ಪ್ರಾರ್ಥನೆ. ಐವತ್ತೊಂದು ವರ್ಷ ಅರ್ಜಿಗಳ ಶುದ್ಧಪ್ರತಿ ಬರೆದ ಕೈಗೆ ಬೇರೆ ಧಾಟಿ ಬಾರದು. ಅದಕ್ಕೆ ನನಗೆ ನಾಚಿಕೆಯೂ ಇಲ್ಲ.

ನಮ್ಮಲ್ಲಿ ‘ಮುನ್‌ಕೇಳಿಕೆ’ ಎಂಬ ಪದ್ಧತಿಯಿದೆ. ಕನಿಷ್ಠ ವೇತನದ ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡಲು ಬರುವ ಅಧಿಕಾರಿ, ಕಾರ್ಖಾನೆಯ ಗೇಟು ದಾಟುವ ಮೊದಲು ಕಾರ್ಮಿಕ ಸಂಘದ ಜಗಲಿಯಲ್ಲಿ ಕುಳಿತು, “ನಾವು ಏನನ್ನು ನೋಡದೆ ಹೋಗುತ್ತೇವೆ?” ಎಂದು ಕೇಳಲೇಬೇಕು. ಸಂಘದ ಉತ್ತರವನ್ನು ಬರೆದು, ಕೆಲಸಗಾರರೆಲ್ಲರ ಎದುರು ಗಟ್ಟಿಯಾಗಿ ಓದಿ, ಅವರು ಒಪ್ಪಿದ ಮೇಲೆಯೇ ತಪಾಸಣೆ. ಬರಹದಲ್ಲಿ ಬಿಟ್ಟುಹೋದದ್ದು ಮುಂದಿನ ವರ್ಷದವರೆಗೆ ಕಾಯಬೇಕು.

ಇಲ್ಲಿನ ಗೇರುಬೀಜದ ಕಾರ್ಖಾನೆಯಲ್ಲಿ ಯಂತ್ರ ಒಡೆಯಲಾರದ ಬೀಜವನ್ನು ಇಂದಿಗೂ ಹೆಂಗಸರೇ ಒಡೆಯುತ್ತಾರೆ. ಸಿಪ್ಪೆಯ ಸೊನೆ ಚರ್ಮ ಸುಡುತ್ತದೆ. ಆದ್ದರಿಂದ ಬೆಳಿಗ್ಗೆ ಕೈಗೆ ಎಣ್ಣೆ ಹಚ್ಚಬೇಕು, ಸಂಜೆ ಬೂದಿಯಲ್ಲಿ ತಿಕ್ಕಿ ತೊಳೆಯಬೇಕು. ಒಟ್ಟು ಮುಕ್ಕಾಲು ಗಂಟೆ. ಕಾರ್ಖಾನೆ ಅದನ್ನು ಕೆಲಸವೆಂದು ಎಣಿಸುತ್ತಿರಲಿಲ್ಲ. ಎಣಿಸಬೇಕೆಂದು ಸಂಘದ ಮುಖ್ಯಸ್ಥೆ ಸಿಂಗಾರಿಯವರು ಹೇಳಿ ಬರೆಸಿದರು. ನಾನು ಶುದ್ಧಪ್ರತಿಯಲ್ಲಿ ‘ಆನುಷಂಗಿಕ ಪೂರ್ವೋತ್ತರ ಕ್ರಿಯೆಗಳು’ ಎಂದು ಬರೆದೆ. ಅಷ್ಟು ಚೆಂದದ ಮಾತು ನನಗೆ ವರ್ಷಗಳಿಂದ ಸಿಕ್ಕಿರಲಿಲ್ಲ.

ಜಗಲಿಯಲ್ಲಿ ವೇತನಾಧಿಕಾರಿಯ ಎದುರು ಅದನ್ನು ಓದಿದಾಗ ನೂರು ಜನ ಹೆಂಗಸರು ಮುಖ ಮುಖ ನೋಡಿಕೊಂಡರು. ಸಿಂಗಾರಿಯವರು ಎದ್ದರು.

“ಎಂತ ಅಜ್ಜಾ ಅದು? ಮಂತ್ರವಾ? ನಮ್ಮ ಎಣ್ಣೆ ಎಲ್ಲಿ ಹೋಯ್ತು?”

“ಅದರೊಳಗೇ ಇದೆ ತಾಯಿ.”

“ಒಳಗಿದ್ರೆ ಇವರಿಗೆ ಕಾಣೂದು ಹೇಗೆ ಮಾರಾಯ್ರೆ? ಹೊರಗೆ ತೆಗೀರಿ!”

ಜಗಲಿಯೆಲ್ಲ ನಕ್ಕಿತು. ವೇತನಾಧಿಕಾರಿ ಲವೀನಾ ಕ್ರಾಸ್ತಾ ಮಾತ್ರ ನಗಲಿಲ್ಲ. ಎರಡೂ ಕೈ ಚಾಚಿ, “ನನಗೂ ಹಚ್ಚಿ ತೋರಿಸಿ ಅಕ್ಕಾ” ಎಂದರು. ಸಿಂಗಾರಿಯವರು ಬೆರಳು ಬೆರಳಿನ ಸಂದಿಗೂ ಎಣ್ಣೆ ತಿಕ್ಕುತ್ತಿದ್ದರೆ, ಆಕೆ ಗಡಿಯಾರ ನೋಡುತ್ತ ಕದಲದೆ ಕುಳಿತರು. ಸರಕಾರ ತನ್ನ ಅಂಗೈಯನ್ನು ಕೆಲಸಗಾರರ ಮುಂದೆ ಹೀಗೆ ಒಡ್ಡಿದ್ದನ್ನು ನನ್ನ ಎಪ್ಪತ್ತೆಂಟು ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ನನ್ನ ಚೆಂದದ ಮಾತನ್ನು ನಾನೇ ಹೊಡೆದುಹಾಕಿ, ‘ಕೈಗೆ ಎಣ್ಣೆ ಹಚ್ಚುವ, ಬೂದಿಯಲ್ಲಿ ತೊಳೆಯುವ ಹೊತ್ತು’ ಎಂದು ತಿದ್ದಿದೆ.

ತಪಾಸಣೆಯಾಯಿತು, ಆದೇಶವೂ ಬಂತು. ಕಳೆದ ಸೋಮವಾರದಿಂದ ಹಾಜರಿ ಗಂಟೆ ಬಾರಿಸಿದ ಮೇಲೆಯೇ ಎಣ್ಣೆಯ ಡಬ್ಬಿ ತೆರೆಯುತ್ತದೆ.

ಇನ್ನು ನನ್ನ ಅರಿಕೆ. ಮುನ್‌ಕೇಳಿಕೆಯನ್ನು ತಮ್ಮ ಕಾಲದವರೊಬ್ಬರು ಆರಂಭಿಸಿದರೆಂದು ಇಲ್ಲಿ ಹೇಳುತ್ತಾರೆ. ಹೆಸರು ಯಾವ ದಾಖಲೆಯಲ್ಲಿಯೂ ಉಳಿದಿಲ್ಲ. ಇದನ್ನು ಓದುತ್ತಿರುವವರೇ ಅವರಾಗಿರಲೂಬಹುದು. ಹಾಗಿದ್ದಲ್ಲಿ, ದಯವಿಟ್ಟು ತಡಮಾಡಬೇಡಿ.

ತಮ್ಮ ವಿಧೇಯ,
ವಾಸುದೇವ ಶೇರಿಗಾರ
ಅರ್ಜಿ ನಕಲುಗಾರ