ತಾರಸಿಯ ಬೀಗದ ಕೈ

ಗುತ್ತಲು, ಮಂಡ್ಯ
ಗುರುವಾರ

ಮನೆ ಓನರ್ ಪಂಕಜಮ್ಮನವರಿಗೆ,

ಸೂತಕದಲ್ಲಿರುವುದರಿಂದ ನಮಸ್ಕಾರ ಬರೆದಿಲ್ಲ, ನಿಮ್ಮ ಬಾಗಿಲಿಗೂ ಬಂದಿಲ್ಲ. ಪತ್ರವನ್ನು ಮೀಟರ್ ಬಾಕ್ಸಿನ ಮೇಲೆ ಇಟ್ಟಿದ್ದೇನೆ.

ಹಾಸಿಗೆ ಹಿಡಿದ ನಮ್ಮತ್ತೆಯ ಬೆಡ್‌ಶೀಟು ನಿಮ್ಮ ಮಡಿ ಬಟ್ಟೆಯ ಪಕ್ಕ ಒಣಗಬಾರದೆಂದು ನೀವು ತಾರಸಿಗೆ ಬೀಗ ಹಾಕಿದಿರಿ. ಅದಕ್ಕೇ ಒಗೆಯುವುದು, ಒಣಗಿಸುವುದು ಎರಡನ್ನೂ ಮಾಡುವ ಮಿಷನ್ ತಂದೆವು. ಬಿಸಿಗಾಳಿ ಬಿಡಲು ನಿಮ್ಮ ಗೋಡೆ ಕೊರೆಯಬೇಕಾಗಲಿಲ್ಲ, ಅದೊಂದು ಅನುಕೂಲ. ಆದರೆ ಎರಡು ಬೆಡ್‌ಶೀಟಿಗೆ ಐದು ಗಂಟೆ ಹಿಡಿಯುತ್ತಿತ್ತು, ಆಮೇಲೂ ಅಂಚು ತೇವವಾಗಿಯೇ ಇರುತ್ತಿತ್ತು.

"ಬಿಸ್ಲಿಗಾಕ್ಬಾರ್ದಾ ಮಗ, ಇನ್ನೂ ತಣ್ಣಗದೆ" ಅನ್ನುತ್ತಿದ್ದರು ಅತ್ತೆ. ಬೀಗದ ವಿಷಯ ಹೇಳಲು ಮನಸ್ಸಾಗದೆ, ಹೊರಗೆ ಮಳೆ ಅಂದುಬಿಟ್ಟೆ. ಒಳಕೋಣೆಗೆ ಕಿಟಕಿಯಿಲ್ಲ, ಅವರಿಗೆ ಕಿವಿಯೂ ಮಂದ. ದಿನವೂ ಕೇಳಿದರು, ದಿನವೂ ಮಳೆ ಅಂದೆ. ತೀರಿಕೊಳ್ಳುವ ಹಿಂದಿನ ದಿನ ಊಟವನ್ನೂ ಮುಟ್ಟದೆ, "ದುದ್ದದಲ್ಲಿ ನನ್ ತಮ್ಮನ ಬತ್ತ ಗದ್ದೇಲೇ ಮೊಳಕೆ ಬಂದೋಯ್ತದಲ್ಲವ್ವ, ಈ ಮಳೆ ಬುಡಂಗೇ ಇಲ್ವಾ" ಅಂತ ಚಿಂತೆ ಮಾಡಿದರು.

ಭಾನುವಾರ ಹನ್ನೊಂದನೇ ದಿನದ ಕಾರ್ಯ. ಅಷ್ಟರೊಳಗೆ ಮನೆಯ ಬಟ್ಟೆಯೆಲ್ಲ ಒಗೆದು ಒಣಗಿಸಬೇಕು, ಅಷ್ಟು ಆ ಮಿಷನ್ನಿಗೆ ಆಗುವುದಿಲ್ಲ. ಶನಿವಾರ ಒಂದು ದಿನ ಬೀಗದ ಕೈ ಕೊಡಿ. ನಿಮ್ಮ ತಂತಿ ಮುಟ್ಟುವುದಿಲ್ಲ, ನಮ್ಮದೇ ಹಗ್ಗ ಕಟ್ಟಿಕೊಳ್ಳುತ್ತೇನೆ. ಅತ್ತೆಯ ಬೆಡ್‌ಶೀಟನ್ನು ಬಿಸಾಡಿಲ್ಲ, ಅದನ್ನೇ ಮೊದಲು ಹಾಕುತ್ತೇನೆ.

ಮಳೆ ಬಂದು ಬಟ್ಟೆ ಅಲ್ಲೇ ಉಳಿದೀತೆಂಬ ಯೋಚನೆ ಬೇಡ. ಎರಡು ತಿಂಗಳಿಂದ ಒಂದು ಹನಿಯೂ ಬಿದ್ದಿಲ್ಲ.

ಇಂತಿ,
ಚಂದ್ರಕಲಾ, ಮೇಲಿನ ಮನೆ