ಒಂಬತ್ತು ಕಿಲೋ ಆಲಸ್ಯಕ್ಕೆ ಒಂದು ವಿವರಣೆ

ತುರ್ತು ಕರೆ ಕೇಂದ್ರದ ಮಾನ್ಯ ನಿರ್ದೇಶಕರೇ,

ನಿಮ್ಮ ಕಾರಣ ಕೇಳುವ ನೋಟಿಸು ಕೈಸೇರಿತು. ಹದಿನೆಂಟು ತಿಂಗಳಲ್ಲಿ ನನ್ನ ತೂಕ ಒಂಬತ್ತು ಕಿಲೋ ಏರಿದೆ, ಮೂರು ಬಾರಿ ಎಚ್ಚರಿಸಿದರೂ ಇಳಿದಿಲ್ಲ, ಇದಕ್ಕೆಲ್ಲ ಕಾರಣ ನನ್ನ "ಆಲಸ್ಯ ಮತ್ತು ಅಶಿಸ್ತು" ಎಂದು ತಾವು ತೀರ್ಮಾನಿಸಿದ್ದೀರಿ. ಹದಿನೈದು ದಿನದೊಳಗೆ ಕಾರಣ ತಿಳಿಸದಿದ್ದರೆ ಕರೆ ಸ್ವೀಕರಿಸುವ ಕುರ್ಚಿಯಿಂದ ಎಬ್ಬಿಸಿ ಉಗ್ರಾಣಕ್ಕೆ ಕಳಿಸುವುದಾಗಿಯೂ ಬರೆದಿದ್ದೀರಿ. ಕಾರಣವನ್ನು ನೀವೇ ಬರೆದು, ಅದನ್ನೇ ನನ್ನಿಂದ ಕೇಳಿದ್ದೀರಲ್ಲ, ಈ ಜಾಣತನಕ್ಕೆ ಮೊದಲೊಂದು ನಮಸ್ಕಾರ. ಉತ್ತರ ಮುಚ್ಚಿದ ಲಕೋಟೆಯಲ್ಲಿರಬೇಕಂತೆ. ನನ್ನ ತೂಕವನ್ನು ಕ್ಯಾಂಟೀನಿನ ಬಾಗಿಲಿಗೆ ಅಂಟಿಸಿ ಊರಿಗೆಲ್ಲ ಸಾರಿದವರು ನೀವು. ಹಾಗಾಗಿ ನಾನೂ ಬಹಿರಂಗವಾಗಿ, ಈ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಾನು ದಪ್ಪಗಾಗಿದ್ದೇನೆ ಎಂಬುದರಲ್ಲಿ ತಕರಾರಿಲ್ಲ. ಮೆಟ್ಟಿಲು ಹತ್ತುವಾಗ ನನ್ನ ಏದುಸಿರು ಕೇಳಿ, ಮೇಲಿನ ಮಹಡಿಯವರು ನಾನು ಬರುವ ಮೊದಲೇ ಬಾಗಿಲು ತೆಗೆದು ನಿಲ್ಲುತ್ತಾರೆ. ನಮ್ಮ ಮನೆಯವರು ದರ್ಜಿ. ನನ್ನ ಸಮವಸ್ತ್ರದ ಹೊಲಿಗೆಯನ್ನು ಮೂರು ಸಲ ಬಿಚ್ಚಿ ಸಡಿಲ ಮಾಡಿಕೊಟ್ಟರು. ನಾಲ್ಕನೇ ಸಲ ಕನ್ನಡಕ ಏರಿಸಿಕೊಂಡು ಒಳಗೆಲ್ಲ ಹುಡುಕಿ, "ಮಡಚಿಟ್ಟಿದ್ದ ಬಟ್ಟೆ ಪೂರ್ತಿ ಮುಗೀತು ಕಣೆ. ಇನ್ನು ನೀನಾದರೂ ನಿಲ್ಬೇಕು, ಇಲ್ಲ ನಾನಾದರೂ ಅಂಗಡಿ ಮುಚ್ಬೇಕು" ಎಂದರು. ಕೇಂದ್ರದಲ್ಲಿ ತೂಕ ನೋಡುವ ದಿನ ಬಂತೆಂದರೆ ನಾನು ಬೆಳಗಿನ ತಿಂಡಿ ಬಿಟ್ಟು, ಗಡಿಯಾರ ಬಿಚ್ಚಿ, ಹೇರ್‌ಪಿನ್ನು ಕಿತ್ತು, ಉಸಿರನ್ನೂ ಹೊರಗೆ ಬಿಟ್ಟು ಯಂತ್ರದ ಮೇಲೆ ನಿಲ್ಲುತ್ತೇನೆ. ಉಸಿರಿಗೂ ತೂಕವಿರಬಹುದೆಂಬ ಆಸೆ! ಇಳಿದ ಮೇಲೆ ನೇರವಾಗಿ ಡ್ರಾಯರಿನ ಬಿಸ್ಕತ್ತಿಗೆ ಕೈ ಹಾಕುತ್ತೇನೆ. ಇದನ್ನೂ ನೀವು ಕಡತಕ್ಕೆ ಸೇರಿಸಿಕೊಳ್ಳಬಹುದು.

ಸುಮ್ಮನೆ ಕೂತಿರಲಿಲ್ಲ ಸ್ವಾಮಿ, ಮದ್ದೂ ಮಾಡಿದೆ. ನನಗೊಬ್ಬಳು ನಾದಿನಿ ಇದ್ದಾಳೆ. ಓದಿದ್ದು ಚಿತ್ರಕಲೆ. ಆದರೆ ಮೊಬೈಲಿನಲ್ಲಿ ದಿನಕ್ಕೆ ಹತ್ತು ವೈದ್ಯಕೀಯ ಭಾಷಣ ಕೇಳುವುದರಿಂದ ಮನೆಯಲ್ಲಿ ಎಲ್ಲರೂ ಅವಳನ್ನು ಡಾಕ್ಟರಮ್ಮ ಎನ್ನುತ್ತೇವೆ. ಅವಳು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, "ಅತ್ತಿಗೆ, ನಿಮ್ಮ ಅಡ್ರಿನಲ್ ಗ್ರಂಥಿಗಳಿಗೆ ಸುಸ್ತಾಗಿಬಿಟ್ಟಿದೆ. ಅವಕ್ಕೆ ಶಕ್ತಿ ಕೊಡಬೇಕು, ಬೊಜ್ಜು ತಾನಾಗೇ ಕರಗುತ್ತೆ" ಎಂದು ಒಂದು ಡಬ್ಬಿ ಹಸಿರು ಪುಡಿ ಕೊಟ್ಟಳು. ಅಯ್ಯೋ ಪಾಪ, ನನ್ನ ಗ್ರಂಥಿಗಳೇ ಎಂದು ನನಗೆ ಅಳುವೇ ಬಂತು. ಎರಡು ತಿಂಗಳು ಮೂಗು ಹಿಡಿದುಕೊಂಡು ಕುಡಿದೆ. ಕರಗಿದ್ದು ಪುಡಿಯೊಂದೇ. ನನಗೆ ಇನ್ನೊಂದು ಕಿಲೋ ಬಂತು.

ಕೊನೆಗೆ ನಿಜವಾದ ಡಾಕ್ಟರ ಬಳಿ ಹೋದೆ. ಆಕೆ ಗ್ರಂಥಿಗಳ ತಜ್ಞೆ. ರಕ್ತ ಪರೀಕ್ಷೆಯ ಹಾಳೆ ತಿರುವಿ, "ನಿಮ್ಮ ಅಡ್ರಿನಲ್ಲಿಗೆ ಏನೂ ಆಗಿಲ್ಲಮ್ಮ. ಸುಸ್ತಾಗಿರೋದು ನಿಮಗೆ, ಅದಕ್ಕಲ್ಲ. ಆ ಪುಡಿ ಇವತ್ತೇ ನಿಲ್ಲಿಸಿ, ಅದರಲ್ಲಿ ಏನು ಬೆರೆಸಿರ್ತಾರೋ ಯಾರಿಗೆ ಗೊತ್ತು" ಎಂದರು. ಆಮೇಲೆ ನನ್ನ ಕೆಲಸ ಏನೆಂದು ಕೇಳಿದರು.

"ಆಂಬುಲೆನ್ಸಿಗೆ ಫೋನ್ ಮಾಡ್ತಾರಲ್ಲ, ಅದನ್ನ ಎತ್ತೋಳು ನಾನು. ಹತ್ತೊಂಬತ್ತು ವರ್ಷ ಆಯ್ತು."

"ಫೋನ್ ಬಂದಾಗ ಎದೆ ಹೊಡ್ಕೊಳ್ಳುತ್ತಾ?"

"ಪ್ರತಿ ಸಲ."

"ಅದು ಮೈ ಓಡೋಕೆ ತಯಾರಾಗೋದು. ಗ್ರಂಥಿ ಹಾರ್ಮೋನು ಬಿಡುತ್ತೆ, ರಕ್ತಕ್ಕೆ ಸಕ್ಕರೆ ಬರುತ್ತೆ. ನೀವು ಓಡ್ತೀರಾ?"

"ಓಡೋದು ಆಂಬುಲೆನ್ಸು ಡಾಕ್ಟ್ರೇ. ನಾನು ಕೂತಿರ್ತೀನಿ."

"ದಿನಕ್ಕೆ ಎಷ್ಟು ಸಲ?"

"ಎಂಬತ್ತು, ತೊಂಬತ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. ಮೂರು ದಿನಕ್ಕೊಮ್ಮೆ ಪಾಳಿ ಬದಲಾಗುತ್ತದೆ, ನಿದ್ದೆ ಯಾವಾಗ ಬರುತ್ತದೋ ನನಗೇ ತಿಳಿಯುವುದಿಲ್ಲ ಎಂದೂ ಹೇಳಿದೆ. ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಿಗ್ಗೆ ಏರಿ ರಾತ್ರಿ ಇಳಿಯಬೇಕು, ನಿದ್ದೆಗೆಟ್ಟವರಲ್ಲಿ ಈ ಏರಿಳಿತ ತಪ್ಪುತ್ತದೆ, ಆಗ ಮೈ ಸಿಹಿ ಬೇಡುತ್ತದೆ, ಸಿಕ್ಕಿದ್ದನ್ನು ಹೊಟ್ಟೆಯ ಸುತ್ತ ಕೂಡಿಡುತ್ತದೆ, ಹಗಲೆಲ್ಲ ಕೈಕಾಲು ಸೋಲುತ್ತದೆ ಎಂದು ಅವರು ವಿವರಿಸಿದರು. ಹಾಗಾದರೆ ತಪ್ಪೆಲ್ಲ ಹಾರ್ಮೋನಿನದು ಎಂದು ನಾನು ಖುಷಿಯಾಗುವಷ್ಟರಲ್ಲಿ, "ಅದೊಂದೇ ಕಾರಣ ಅಂತ ಮಾತ್ರ ಬರೆದುಕೊಡಲ್ಲ. ಬಿಸ್ಕತ್ತೂ ತಿಂತೀರಲ್ಲ?" ಎಂದುಬಿಟ್ಟರು. ಇಷ್ಟು ಪ್ರಾಮಾಣಿಕರಾದ ವೈದ್ಯರ ಬಳಿ ಹೋದದ್ದೇ ನನ್ನ ದುರದೃಷ್ಟ.

ಆದರೆ ಮಾನ್ಯರೇ, ನಾವೂ ಒಂದು ಕಾಲಕ್ಕೆ ಎದ್ದು ನಡೆಯುತ್ತಿದ್ದೆವು. ನೀವು ಬರುವ ಮೊದಲು ನಮ್ಮ ಕರೆ ಕೋಣೆಯಲ್ಲೊಂದು ಪದ್ಧತಿಯಿತ್ತು. ಕರೆ ಮುಗಿದರೆ ಹೆಡ್‌ಫೋನು ಕಳಚಿ, ಎದ್ದು, ಆ ತುದಿಯ ಕಿಟಕಿಯವರೆಗೆ ಹೋಗಿ, ಅದರ ಕಟ್ಟೆ ಮುಟ್ಟಿ ವಾಪಸು ಬರುವುದು. ಒಂದೂವರೆ ನಿಮಿಷ, ಅಷ್ಟೇ. ನನಗೆ ಕೆಲಸ ಕಲಿಸಿದ ಹಿರಿಯಕ್ಕ ಮೊದಲ ದಿನವೇ, "ಕಿವೀಲಿರೋದನ್ನ ಅಲ್ಲಿ ಬಿಟ್ಟು ಬಾ, ಆಮೇಲೆ ಮುಂದಿನದ್ದನ್ನ ಎತ್ತು" ಎಂದಿದ್ದರು. ತಾವು ಬಂದವರೇ ಇದಕ್ಕೆ "ಅನುತ್ಪಾದಕ ಚಲನೆ" ಎಂದು ಹೆಸರಿಟ್ಟಿರಿ, ಕಿಟಕಿಗೆ ಅಡ್ಡಲಾಗಿ ಕಡತದ ಬೀರು ನಿಲ್ಲಿಸಿದಿರಿ. ಈಗ ಒಂದು ಕರೆ ಮುಗಿದು ಎಂಟು ಸೆಕೆಂಡಿಗೆ ಇನ್ನೊಂದು ತಾನಾಗಿ ಕಿವಿಗೆ ಬೀಳುತ್ತದೆ. ಆರು ವಾರ ಕಳೆದ ಮೇಲೆ ಅದೇ ಬೀರುವಿನ ಮೇಲೆ "ಆರೋಗ್ಯಕ್ಕಾಗಿ ದಿನವೂ ನಡೆಯಿರಿ" ಎಂಬ ಭಿತ್ತಿಪತ್ರ ಅಂಟಿಸಿದಿರಿ. ಅದನ್ನು ಬರೆಸುವಾಗ ನಿಮಗೆ ನಗು ಬರಲಿಲ್ಲವೇ? ನನಗಂತೂ ಬಂತು, ಆದರೆ ನಗಲು ಎಂಟು ಸೆಕೆಂಡು ಸಾಲಲಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ತಮಾಷೆ ಎಂದು ತಳ್ಳಿಹಾಕಬಹುದು. ಇನ್ನು ಬರೆಯುವುದನ್ನು ನಮ್ಮ ಮನೆಯವರಿಗೂ ನಿನ್ನೆಯವರೆಗೆ ಹೇಳಿರಲಿಲ್ಲ.

ಕಳೆದ ತಿಂಗಳು ಒಂದು ಮಧ್ಯಾಹ್ನ ಒಬ್ಬ ತಾಯಿ ಫೋನು ಮಾಡಿದಳು. ಮಗುವಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡು ಮುಖ ನೀಲಿಯಾಗಿತ್ತು. ಗಾಡಿ ತಲುಪುವವರೆಗೂ ಹೇಗೆ ಬೋರಲು ಮಲಗಿಸಬೇಕು, ಬೆನ್ನಿಗೆ ಎಲ್ಲಿ ತಟ್ಟಬೇಕು ಎಂದು ಹೇಳುತ್ತಾ ಹೋದೆ. ಕೊನೆಗೆ ಮಗು ಅತ್ತಿತು. ಅದಕ್ಕಿಂತ ಒಳ್ಳೆಯ ಸದ್ದು ನಮ್ಮ ಕೆಲಸದಲ್ಲಿ ಇಲ್ಲ. ಆ ಅಳು ಇನ್ನೂ ಕಿವಿಯಲ್ಲಿತ್ತು, ಎಂಟು ಸೆಕೆಂಡಾಯಿತು, ಮುಂದಿನ ಕರೆ ಬಿತ್ತು. ಒಬ್ಬ ಮಗಳು. ಅವಳಪ್ಪ ಬಡಗಿ, ಕೆಲಸ ಮಾಡುತ್ತಿದ್ದ ಹಾಗೇ ಬಾಯಿ ಓರೆಯಾಗಿ ಕುಸಿದಿದ್ದರು. ಬೀದಿ, ಮನೆ ನಂಬರು ಸ್ಪಷ್ಟವಾಗಿ ಹೇಳಿದಳು. ನಾನೂ ಸ್ಪಷ್ಟವಾಗಿ ತಿರುಗಿ ಹೇಳಿದೆ. ಆದರೆ ನನ್ನ ಬೆರಳುಗಳು ಪರದೆಯಲ್ಲಿ ಬರೆದದ್ದು ಆ ಮಗುವಿನ ಮನೆಯ ವಿಳಾಸವನ್ನು.

ಎರಡನೇ ಗಾಡಿಯೂ ಮಗುವಿನ ಮನೆಯ ಮುಂದೆ ಹೋಗಿ ನಿಂತಿತು. "ಅಕ್ಕಾ, ಗಾಡಿ ಎಲ್ಲಿ?" ಎಂದು ಮಗಳು ಮತ್ತೆ ಫೋನು ಮಾಡಿದಾಗಲೇ ನನಗೆ ಗೊತ್ತಾಯಿತು. ಆರು ನಿಮಿಷ ಹೋಗಿತ್ತು. ಬಡಗಿ ಬದುಕಿದರು. ಬಲಗೈ ಉಳಿ ಹಿಡಿಯುವುದಿಲ್ಲ. ಆ ಆರು ನಿಮಿಷದಿಂದಲೇ ಹೀಗಾಯಿತು ಎಂದು ಯಾರೂ ಹೇಳಿಲ್ಲ, ಅಲ್ಲ ಎಂದೂ ಯಾರೂ ಹೇಳಿಲ್ಲ. ವಿಳಂಬದ ಕಾರಣ ಎಂಬ ಜಾಗದಲ್ಲಿ ನಿಮ್ಮ ಗಣಕಯಂತ್ರ ತಾನಾಗಿ "ವಾಹನ ದಟ್ಟಣೆ" ಎಂದು ತುಂಬಿಕೊಂಡಿತು. ನಾನು ಅದನ್ನು ತಿದ್ದಲಿಲ್ಲ. ಹೇಡಿ ನಾನು, ತಿದ್ದಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಆ ಬೀರುವನ್ನು ಅಲ್ಲಿಂದ ಎತ್ತಿಸಿ. ಕರೆ ಮುಗಿದ ಮೇಲೆ ಒಂದೂವರೆ ನಿಮಿಷ ಎದ್ದು ನಡೆಯಲು ಬಿಡಿ, ನನ್ನನ್ನಲ್ಲದಿದ್ದರೆ ನನ್ನ ಕುರ್ಚಿಗೆ ಬರುವವರನ್ನು. ವಾಹನ ದಟ್ಟಣೆ ಎಂಬುದನ್ನು ಹೊಡೆದು ನನ್ನ ತಪ್ಪನ್ನು ಬರೆಯಿರಿ, ಅದರ ಪಕ್ಕದಲ್ಲೇ ನಿಮ್ಮ ಎಂಟು ಸೆಕೆಂಡನ್ನೂ ಬರೆಯಿರಿ. ಉಗ್ರಾಣಕ್ಕೆ ಕಳಿಸುವುದಾದರೆ ಈ ಕಾರಣಕ್ಕೆ ಕಳಿಸಿ, ತಕರಾರು ಮಾಡದೆ ಹೋಗುತ್ತೇನೆ. ಹೊಟ್ಟೆ ನೋಡಿ ಕಳಿಸಬೇಡಿ.

ಹೋದ ವಾರ ಬಡಗಿಯವರನ್ನು ನೋಡಲು ಹೋಗಿದ್ದೆ. ಮಗಳು ನನ್ನ ದನಿ ಗುರುತು ಹಿಡಿದು, "ನೀವೇ ಅಲ್ವಾ ಅಕ್ಕ, ಅವತ್ತು ಧೈರ್ಯ ಹೇಳಿದ್ದು?" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನಿಜ ಹೇಳಲೆಂದೇ ಹೋದವಳು, ಅವಳು ಕೊಟ್ಟ ನೀರು ಕುಡಿದು ಎದ್ದು ಬಂದೆ. ಆ ಮನೆಗೆ ಈ ಪತ್ರಿಕೆ ಬರುತ್ತದೆ. ಬೆಳಿಗ್ಗೆ ಅವಳೇ ಅದನ್ನು ಅಪ್ಪನಿಗೆ ಜೋರಾಗಿ ಓದಿ ಹೇಳುತ್ತಾಳಂತೆ.

ಇಂತಿ,
ಬಾಯಿಬಿಟ್ಟು ಹೇಳಲಾಗದೆ ಬರೆದು ಒಪ್ಪಿಕೊಂಡ,
ನಿಮ್ಮ ಕೇಂದ್ರದ ಸ್ಥೂಲಕಾಯದ ಒಬ್ಬ ಉದ್ಯೋಗಿ