ತವರದ ಎಳೆ ಮುನಿಯುತ್ತದಂತೆ

ಯಯಾಗ್ವಾ, ಬೊಲಿವಿಯಾ
ಆಗಸ್ಟ್ ೧೪, ೨೦೧೧

ಪ್ರೀತಿಯ ಅಕ್ಕಾ,

ಬೆನ್ನುನೋವು ಹೇಗಿದೆ? ಬ್ಯೂನಸ್ ಐರಿಸ್‌ನ ಚಳಿಗೆ ಬೆರಳು ಮರಗಟ್ಟಿ ಹೊಲಿಗೆ ಕಾರ್ಖಾನೆಯಲ್ಲಿ ಸೂಜಿ ಹಿಡಿಯಲಾಗುತ್ತಿಲ್ಲ ಎಂದು ಬರೆದಿದ್ದೆಯಲ್ಲ, ಉಣ್ಣೆಯ ಕೈಗವಸು ಹೆಣೆದು ಕಳಿಸಿದ್ದೇನೆ. ಬಣ್ಣ ಕೆಂಪು. ಬೈಯಬೇಡ, ಮನೆಯಲ್ಲಿ ಬೇರೆ ನೂಲಿರಲಿಲ್ಲ. ನಿನ್ನ ಮಗಳು ಮಾರ್ಲೇನಿ ಚೆನ್ನಾಗಿದ್ದಾಳೆ. ಊರಿನ ಅರ್ಧದಷ್ಟು ಗಂಡಸರು ಅವಳ ಮೇಲೆ ಹಲ್ಲು ಮಸೆಯುತ್ತಿದ್ದಾರೆ, ಅದು ಬೇರೆ ಮಾತು.

ಗಣಿ ಎಂಜಿನಿಯರಿಂಗ್ ಮೂರನೆಯ ವರ್ಷ ಓದುವ ನನ್ನ ವಿದ್ಯಾರ್ಥಿಗಳಲ್ಲಿ ಹುಡುಗಿಯರು ಮೂವರೇ. ಹುಡುಗರು ಸುರಂಗಕ್ಕೆ ಹೋಗಿ ಅಳತೆ ಮಾಡಿ ಬಂದರು. ಇವರನ್ನು ಬಾಗಿಲಲ್ಲೇ ತಡೆದರು. ಹೆಣ್ಣು ಕಾಲಿಟ್ಟರೆ ತವರದ ಅದಿರಿನ ಎಳೆ ಮುನಿದು ಬಂಡೆಯೊಳಗೆ ಮಾಯವಾಗುತ್ತದಂತೆ. ತಡೆದವನು ಬೇರೆ ಯಾರೂ ಅಲ್ಲ, ಅಲ್ಲಿ ಕೊರೆಯುವ ತಂಡದ ಮೇಸ್ತ್ರಿ, ನಮ್ಮ ಸತುರ್ನಿನೋ ಅಣ್ಣ. ಸರಿ, ಹೊರಗಿನಿಂದಲೇ ಅಳೆಯಿರಿ ಎಂದೆ. ಮೂವರೂ ಹತ್ತು ದಿನ ಗುಡ್ಡ ಹತ್ತಿಳಿದು ಅಳತೆ ಮಾಡಿದರು, ನೀರು ಇಂಗುವ ಜಾಗ ಗುರುತಿಸಿದರು. ಹುಡುಗರ ಅಳತೆಯನ್ನು ಹಳೆಯ ನಕ್ಷೆಗಳ ಜೊತೆ ತಾಳೆ ಹಾಕಿ ಲೆಕ್ಕ ಕಟ್ಟಿದವಳು ನಮ್ಮ ಮಾರ್ಲೇನಿ. ಅಣ್ಣನವರು ಕೊರೆಯುತ್ತಿದ್ದ ಗೋಡೆಯಿಂದ ಮೂರೇ ಮೀಟರು ಆಚೆ ಅಜ್ಜನ ಕಾಲದ ಪಾಳು ಸುರಂಗ, ಅದರ ತುಂಬ ನೀರು. ನಾನು ಮೂರು ಸಲ ಲೆಕ್ಕ ಮಾಡಿದೆ. ತಪ್ಪಿರಲಿಲ್ಲ.

ಸೋಮವಾರ ಪಾಳಿ ಶುರುವಾಗುವ ಮುಂಚೆಯೇ ನಾವು ನಾಲ್ವರೂ ಹೋಗಿ ಸುರಂಗದ ಹಳಿಯ ಮೇಲೆ ಕೂತೆವು. ಅಣ್ಣ ಕೋಕಾ ಎಲೆ ಅಗಿಯುತ್ತ ಬಂದು ನಕ್ಷೆ ನೋಡಿ ನಕ್ಕ. "ಏನೇ, ಬೆಟ್ಟಕ್ಕೆ ಕಣಿ ಹೇಳೋಕೆ ಬಂದಿದೀಯಾ?" ಎಂದ.

ಮಾರ್ಲೇನಿ ದನಿ ಏರಿಸಲಿಲ್ಲ. "ಕಣಿ ಅಲ್ಲ ಮಾವ, ಲೆಕ್ಕ. ತಪ್ಪಿದ್ರೆ ತೋರಿಸು. ತೋರ್ಸೋಕಾಗ್ದಿದ್ರೆ ಮೊದ್ಲು ಒಂದು ಸಣ್ಣ ತೂತು ಕೊರೆದು ನೋಡು. ನಾನೂ ನಿನ್ನ ಪಕ್ಕದಲ್ಲೇ ನಿಂತಿರ್ತೀನಿ. ನೀರು ಬರ್ದಿದ್ರೆ ಇನ್ಯಾವತ್ತೂ ಈ ಬಾಗ್ಲಿಗೆ ಬರಲ್ಲ."

ನಾನೂ ಬರ್ತೀನಿ ಎಂದೆ. ಕಲಿಸಿದವಳು ನಾನು, ನಿನಗೆ ಉತ್ತರ ಹೇಳಬೇಕಾದವಳೂ ನಾನು. ಅಷ್ಟರಲ್ಲಿ ತಂಡದ ಮುದುಕನೊಬ್ಬ ತನ್ನ ಹೆಲ್ಮೆಟ್ ತೆಗೆದು ಅವಳ ತಲೆಗಿಟ್ಟ. ಒಳಗೆ ಹೋದೆವು. ಸಣ್ಣ ಕೊರೆಗೋಲು ಎರಡೂಮುಕ್ಕಾಲು ಮೀಟರು ಇಳಿಯಿತು. ಹಿಂದಕ್ಕೆಳೆದದ್ದೇ ತಡ, ತುಕ್ಕುಬಣ್ಣದ ನೀರು ಅಣ್ಣನ ಎದೆಗೇ ಚಿಮ್ಮಿತು. ಮರದ ಬೆಣೆ ಜಡಿದು ಎಲ್ಲರೂ ಹೊರಗೋಡಿ ಬಂದೆವು. ಅಂದು ಹನ್ನೆರಡು ಮಂದಿ ಗಂಡಸರು ಮನೆಗೆ ಹೋಗಿ ಉಂಡರು.

ಮಾರನೆಯ ದಿನ ಅದೇ ಗಂಡಸರು ಏನೆಂದರು ಗೊತ್ತೇ? ಹೆಂಗಸರು ಒಳಗೆ ಹೋಗಿದ್ದಕ್ಕೇ ನೀರು ಬಂತಂತೆ. ಬಾಗಿಲಿಗೆ ಬೀಗ ಹಾಕಿದ್ದಾರೆ. ಹಾಕಲಿ. ನಾಳೆ ಮತ್ತೆ ಹೋಗುತ್ತೇವೆ. ಮೊದಲ ವರ್ಷದ ನಾಲ್ವರು ಹುಡುಗಿಯರೂ ನಮ್ಮ ಜೊತೆ ಬರಲು ಹೆಸರು ಬರೆಸಿದ್ದಾರೆ, ಈಗ ಏಳು ಜನ.

ಮೈ ಕಡೆ ನಿಗಾ ಇರಲಿ. ಬಿಸಿಬಿಸಿ ಸೂಪು ಕುಡಿ.

ನಿನ್ನ ತಂಗಿ,
ನಿಕಾಸಿಯಾ

ತಾ.ಕ.: ಕಾಗದ ಒಯ್ಯುವ ಬಸ್ಸು ಹೊರಡುತ್ತಿದೆ, ಈಗಷ್ಟೇ ಸುದ್ದಿ ಸಿಕ್ಕಿತು. ಮಾರ್ಲೇನಿಯ ಓದು ಬಿಡಿಸಿ ಕರೆಸಿಕೋ ಎಂದು ಅಣ್ಣ ನಿನಗೆ ಬರೆದನಂತೆ. ನೀನೂ ಒಪ್ಪಿ, ನಿನ್ನ ಪಕ್ಕದ ಹೊಲಿಗೆ ಯಂತ್ರವನ್ನು ಅವಳಿಗೆಂದು ಹಿಡಿದಿಟ್ಟಿದ್ದೀಯಂತೆ. ಅಕ್ಕಾ, ಅದನ್ನು ಬೇರೆ ಯಾರಿಗಾದರೂ ಬಿಟ್ಟುಕೊಡು. ಅವಳು ಬರುವುದಿಲ್ಲ.